ಪುಟ್ಟಾ, ಆರ್ಮಿನ ಹಗುರವಾಗಿ ತಗೋಬೇಡ ಕಣೋ

(2019ರ ಸೆಪ್ಟೆಂಬರ್, ಮಿಷಿಗನ್-ಆರ್ಮಿ ಕಾಲೇಜ್ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಮುಂಚೆ ಕಳಿಸಿದ ವಾಯ್ಸ್ ಮೆಸೇಜ್)

ಪುಟ್ಟಾ, ಎಂ-14 ಹೆದ್ದಾರೀಲಿ ಟ್ರಾಫಿಕ್ ನಿಂತೋಗಿದೆ, ಅದಕ್ಕೇ ಉದ್ದಕ್ಕೆ ಮಾತಾಡ್ತೀನಿ, ಕೇಳಿಸ್ಕೋ. ಬೆಳಗ್ಗೆ ನಮ್ಮನೆ ಗ್ರೂಪಲ್ಲಿ ಹಾಕಿದ್ಯಲ್ಲ, 'ಆರ್ಮಿ ತಾನೇ ಚಿಕ್ಕಪ್ಪ, ರೈಸ್ ಯೂನಿವರ್ಸಿಟಿ ಮೇಲೆ 14-7ರಲ್ಲಿ ಒದ್ದಾಡ್ಕೊಂಡು ಗೆದ್ದೋರು, ನಾವು ಹಾಫ್‌ಟೈಮ್ ಒಳಗೇ ಮುಗಿಸ್ತೀವಿ' ಅಂತ. ಆನ್ ಆರ್ಬರ್‌ಗೆ, ಮಿಷಿಗನ್ ಯೂನಿವರ್ಸಿಟಿಗೆ ಬಂದು ಇನ್ನೂ ಎರಡು ವಾರ ಆಗಿಲ್ಲ, ಆಗ್ಲೇ 'ನಾವು' ಶುರುವಾಯ್ತು ನೋಡು! ಇರ್ಲಿ, ಖುಷಿನೇ. ಆದ್ರೆ ಶನಿವಾರದ ಆಟ ಅಷ್ಟು ಸಲೀಸಲ್ಲ.

ಅಕ್ಕ, 'ಆರ್ಮಿ ಅಂದ್ರೆ ನಿಜವಾಗ್ಲೂ ಮಿಲಿಟರಿ ಹುಡುಗರೇ ಆಡೋದಾ' ಅಂತ ನೀನು ಕೇಳಿದ್ದಕ್ಕೆ ಮೊದಲು ಹೇಳ್ಬಿಡ್ತೀನಿ. ಹೂಂ, ಮಿಲಿಟರಿ ಹುಡುಗರೇ ಆಡೋದು. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್‌ನಲ್ಲಿರೋ ಸೇನಾ ಅಕಾಡೆಮಿ, ನಮ್ಮ ಖಡಕ್‌ವಾಸ್ಲಾದ ಎನ್‌ಡಿಎ ಥರ. ಡಿಗ್ರಿ ಮುಗಿಸಿ ಸೈನ್ಯಕ್ಕೆ ಹೋಗ್ಬೇಕು. ಅದಕ್ಕೇ ಮುಂದೆ ಫುಟ್‌ಬಾಲಲ್ಲೇ ದುಡ್ಡು ಮಾಡ್ಬೇಕು ಅಂತಿರೋ ದೈತ್ಯರು ಅಲ್ಲಿಗೆ ಹೋಗೋದು ಕಮ್ಮಿ. ನಮ್ಮೋರ ಮುಂದೆ ಅವರ ಲೈನ್, ಅಂದ್ರೆ ಮುಂದಿನ ಸಾಲು, ಸಣಕಲಾಗೇ ಕಾಣುತ್ತೆ. ಮೋಸ ಹೋಗೋದು ಅಲ್ಲೇ.

ಅವರು ಆಡೋದು ಟ್ರಿಪಲ್ ಆಪ್ಷನ್, ಚೆಂಡು ಮೂವರಲ್ಲಿ ಯಾರ ಕೈಲಿ ಓಡುತ್ತೆ ಅಂತ ಕೊನೇ ಗಳಿಗೇಲಿ ತೀರ್ಮಾನ ಮಾಡೋ ಆಟ. ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಚೆಂಡು ಇಸ್ಕೊಂಡವನೇ ಹಿಂದಿರೋ ಓಟಗಾರ, ಫುಲ್‌ಬ್ಯಾಕ್, ಅವನ ಹೊಟ್ಟೆಗೆ ಒತ್ತಿ ಹಿಡೀತಾನೆ, ಆದ್ರೆ ಕೈ ಬಿಡಲ್ಲ. ಇಬ್ಬರೂ ಒಂದೆರಡು ಹೆಜ್ಜೆ ಹಂಗೇ ಹೋಗ್ತಾರೆ. ನಮ್ಮ ಲೈನಲ್ಲಿ ಒಬ್ಬನ್ನ ಬೇಕಂತಲೇ ಯಾರೂ ತಡೀದೆ ಬಿಟ್ಟಿರ್ತಾರೆ. ಅವನು ಫುಲ್‌ಬ್ಯಾಕ್ ಮೇಲೆ ಬಿದ್ನೋ, ಕ್ವಾರ್ಟರ್‌ಬ್ಯಾಕ್ ಚೆಂಡು ಎಳ್ಕೊಂಡು ಹೊರಗಡೆ ಓಡ್ತಾನೆ. ಬೀಳದೆ ನಿಂತ್ನೋ, ಚೆಂಡು ಫುಲ್‌ಬ್ಯಾಕ್‌ಗೇ, ನಡುವೆ ನುಗ್ಗಿ ಮೂರ್ನಾಲ್ಕು ಯಾರ್ಡ್. ಹೊರಗಡೆ ಹೋದಾಗ್ಲೂ ಇನ್ನೊಬ್ಬನ್ನ ಹಂಗೇ ಬಿಟ್ಟಿರ್ತಾರೆ. ಅವನು ಕ್ವಾರ್ಟರ್‌ಬ್ಯಾಕ್ ಹಿಡಿಯೋಕೆ ಬಂದ್ರೆ, ಪಕ್ಕದಲ್ಲೇ ಓಡ್ತಿರೋ ಮೂರನೆಯವನಿಗೆ ಚೆಂಡು ಹಾರುತ್ತೆ. ನಮ್ಮ ಇಬ್ಬರು ಪೈಲ್ವಾನರನ್ನ ಮುಟ್ಟದೇನೇ ಆಟದಿಂದ ಆಚೆ ಹಾಕಿದ ಹಾಗಾಯ್ತು.

ಭಾವ, ನೀವು ಕಬಡ್ಡಿ ಆಡಿದೋರು, ನಿಮಗೆ ಬೇಗ ಹೊಳೆಯುತ್ತೆ. ಏಳು ಜನ ಇದ್ರೂ ಕಾರ್ನರ್‌ನೋನು ಒಬ್ಬ ಆತುರಬಿದ್ದು ಹಾರಿದ್ರೆ ಏನಾಗುತ್ತೆ? ಚೈನ್ ಬಿಚ್ಚೋಯ್ತು, ರೈಡರ್ ಗೆರೆ ಮುಟ್ಟಿದ. ಇಲ್ಲೂ ಅದೇ. ಫುಲ್‌ಬ್ಯಾಕ್ ಒಬ್ಬನ ಪಾಲು, ಕ್ವಾರ್ಟರ್‌ಬ್ಯಾಕ್ ಇನ್ನೊಬ್ಬನ ಪಾಲು, ಪಿಚ್ (ಪಕ್ಕಕ್ಕೆ ಎಸೆದ ಚೆಂಡು) ಹಿಡಿಯೋನು ಮತ್ತೊಬ್ಬನ ಪಾಲು. ಪಕ್ಕದೋನ ಕೆಲಸಕ್ಕೆ ಕೈ ಹಾಕಿದ್ರೆ ಕೆಟ್ಟೆವು. ನಮ್ಮ ಡಿಫೆನ್ಸ್ ಕೋಚ್ ಡಾನ್ ಬ್ರೌನ್‌ಗೋ ಹುಡುಗರನ್ನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸೋ ಚಟ, ಅದಕ್ಕೆ ಬ್ಲಿಟ್ಜ್ ಅಂತಾರೆ, ಅವನಿಗೆ 'ಡಾಕ್ಟರ್ ಬ್ಲಿಟ್ಜ್' ಅಂತಲೇ ಹೆಸರು. ನನಗೆ ಭಯ ಇರೋದೂ ಅಲ್ಲೇ.

2017ರಲ್ಲಿ ಏರ್ ಫೋರ್ಸ್ ಅಕಾಡೆಮಿ ಟೀಮ್ ಬಂದಿತ್ತು, ಅವರದ್ದೂ ಆಪ್ಷನ್ನೇ. ನಾನು ಸ್ಟೇಡಿಯಂನಲ್ಲಿದ್ದೆ. ಹಾಫ್‌ಟೈಮ್‌ಗೆ 9-6, ನಂಬ್ತೀಯಾ? ಒಂದ್ಸಲ ಎದ್ದು ನಿಂತು 'ಹಿಡಿ, ಹಿಡಿ' ಅಂತ ಕನ್ನಡದಲ್ಲೇ ಕಿರುಚ್ತಿದೀನಿ. ನಮ್ಮೋರು ಮೂರು ಜನ ಒಬ್ಬನ್ನ ಕೆಡವಿ ಮೇಲೆ ಬಿದ್ದಿದಾರೆ. ಮುಂದಿನ ಸಾಲಿನ ಮುದುಕ ತಿರುಗಿ ನಗ್ತಾ ಬಲಗಡೆ ಬೆರಳು ತೋರಿಸ್ದ. ಚೆಂಡು ಅಲ್ಲಿ ಓಡ್ತಿದೆ! ಆಮೇಲೆ, ಬರೀ ಓಡೋರನ್ನೇ ನೋಡಿ ನೋಡಿ ನಮ್ಮ ಹಿಂದಿನ ಸಾಲಿನೋರು ಮುಂದಕ್ಕೆ ಬಂದ್ಬಿಟ್ರು. ತಲೆ ಮೇಲಿಂದ ಒಂದೇ ಪಾಸು, 64 ಯಾರ್ಡ್, ಚೆಂಡು ಕೊನೇ ಗೆರೆ ದಾಟಿ ಟಚ್‌ಡೌನ್. ಕೊನೆಗೆ 29-13ರಲ್ಲಿ ಗೆದ್ವಿ. ಆದ್ರೆ ಕ್ವಿನ್ ನಾರ್ಡಿನ್ ಕಂಬಗಳ ನಡುವೆ ಐದು ಫೀಲ್ಡ್ ಗೋಲ್ ಒದ್ದು, ಪೀಪಲ್ಸ್-ಜೋನ್ಸ್ ಅವರು ದೂರಕ್ಕೆ ಒದ್ದ ಒಂದು ಪಂಟನ್ನ ಹಿಡಿದು 79 ಯಾರ್ಡ್ ವಾಪಸ್ ಓಡ್ಸಿದ್ದಕ್ಕೆ ಮಾನ ಉಳೀತು.

ಆರ್ಮಿ ಕ್ವಾರ್ಟರ್‌ಬ್ಯಾಕ್ ಕೆಲ್ವಿನ್ ಹಾಪ್ಕಿನ್ಸ್‌ಗೂ ಎಸೆಯೋಕೆ ಬರುತ್ತೆ, ಮರೀಬೇಡ. ಹೋದ ವರ್ಷ ಓಡಿ ಒಂದು ಸಾವಿರ ಯಾರ್ಡ್, ಎಸೆದು ಒಂದು ಸಾವಿರ ಯಾರ್ಡ್ ದಾಟಿಸ್ದೋನು.

ಇಷ್ಟೆಲ್ಲ ಹೇಳಿದ್ರೂ, ಅವರು ಎಷ್ಟು ಯಾರ್ಡ್ ಓಡ್ತಾರೆ ಅನ್ನೋದು ನನ್ನ ದೊಡ್ಡ ತಲೆನೋವಲ್ಲ. ಅವರು ತಿನ್ನೋದು ಗಡಿಯಾರ. ಮೂರು ಯಾರ್ಡ್, ಮತ್ತೆ ಮೂರು, ಮತ್ತೆ ಮೂರು, ಹತ್ತು ಯಾರ್ಡ್ ದಾಟೋಕೆ ಸಿಗೋ ಕೊನೇ ಅವಕಾಶ, ನಾಲ್ಕನೇ ಡೌನ್‌ಗೂ ಚೆಂಡು ದೂರಕ್ಕೆ ಒದೀದೆ ಇನ್ನೊಂದು ಸಲ ನುಗ್ಗೋದು. 2018ರ ಸೆಪ್ಟೆಂಬರ್‌ನಲ್ಲಿ ಒಕ್ಲಹಾಮಾ ಟೀಮ್‌ಗೆ ಮಾಡಿದ್ದು ನೋಡು. ಅರವತ್ತು ನಿಮಿಷದಲ್ಲಿ ಹತ್ತಿರ ನಲವತ್ತೈದು ನಿಮಿಷ ಚೆಂಡು ಆರ್ಮಿ ಕೈಲಿ. ಆರ್ಮಿ 87 ಪ್ಲೇ, ಅಂದ್ರೆ 87 ಸಲ ಚೆಂಡು ಮುಂದಕ್ಕೆ ಒಯ್ಯೋ ಪ್ರಯತ್ನ, ಆಡ್ತು, ಒಕ್ಲಹಾಮಾಗೆ ಸಿಕ್ಕಿದ್ದು 40. ಆ ವರ್ಷ ಕಾಲೇಜ್ ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ ಗೆದ್ದ ಅವರ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರಿ ಮುಕ್ಕಾಲು ಆಟ ಬೆಂಚ್ ಮೇಲೆ ಕೂತಿದ್ದ! ಆರ್ಮಿಯೋರು ಓವರ್‌ಟೈಮ್‌ವರೆಗೂ ಎಳೆದು 28-21ರಲ್ಲಿ ಸೋತ್ರು. ಟೆಸ್ಟಲ್ಲಿ ಎರಡು ದಿನ ಕ್ರೀಸ್ ಬಿಡದೆ ಆಡ್ತಾರಲ್ಲ, ಹಂಗೆ. ಬೋಲರ್ ಕೆಟ್ಟೋನಲ್ಲ, ಸುಸ್ತಾಗ್ಬಿಡ್ತಾನೆ.

ಅಂದ್ರೆ ಶನಿವಾರ ನಮಗೆ ಚೆಂಡು ಸಿಗೋದೇ ಅಪರೂಪ. ಸಿಕ್ಕಾಗ ಬೀಳಿಸ್ಕೊಂಡ್ರೆ ಮುಗೀತು ಕಥೆ. ಹೋದ ವಾರ ಮಿಡಲ್ ಟೆನೆಸೀ ಮೇಲೆ 40-21ರಲ್ಲಿ ಗೆದ್ವಿ ಅಂತ ಕುಣೀತಿದ್ಯಲ್ಲ, ಮೊಟ್ಟಮೊದಲನೇ ಪ್ಲೇನಲ್ಲೇ ನಮ್ಮ ಕ್ವಾರ್ಟರ್‌ಬ್ಯಾಕ್ ಷೇ ಪ್ಯಾಟರ್ಸನ್ ಫಂಬಲ್ ಮಾಡಿ ಚೆಂಡು ಬೀಳಿಸ್ಕೊಂಡಿದ್ದು ಮರ್ತೆಯಾ? ಆರ್ಮಿ ಎದುರು ಹಾಗಾದ್ರೆ ಮುಂದಿನ ಎಂಟು ನಿಮಿಷ ನಾವು ಚೆಂಡಿನ ಮುಖ ನೋಡಲ್ಲ.

ನನ್ನ ಲೆಕ್ಕ ಕೇಳ್ತೀಯಾ? ಗೆಲ್ತೀವಿ, ಆದ್ರೆ ಹತ್ತು ಪಾಯಿಂಟ್ ಒಳಗೆ, ಉಗುರು ಕಚ್ಕೊಂಡು. ನಡುವೆ ನುಗ್ಗೋ ಫುಲ್‌ಬ್ಯಾಕನ್ನ ಮೊದಲ ಅರ್ಧದಲ್ಲಿ ಎರಡು ಯಾರ್ಡ್‌ಗೆ ನಿಲ್ಲಿಸಿದ್ರೆ ಮಾತ್ರ ನಾನು ಆರಾಮಾಗಿ ಕೂತ್ಕೋತೀನಿ. ನೀನೂ ಚೆಂಡು ಹುಡುಕ್ತಾ ಕೂರ್ಬೇಡ, ಆ ಫುಲ್‌ಬ್ಯಾಕ್ ಎಷ್ಟು ದೂರ ಹೋದ ಅಂತ ನೋಡ್ತಿರು.

ಅಕ್ಕ, ಭಾವ, ನಿಮಗೆ ಶನಿವಾರ ರಾತ್ರಿ ಒಂಬತ್ತೂವರೆಗೆ ಶುರು, ಇಲ್ಲಿ ಮಧ್ಯಾಹ್ನ ಹನ್ನೆರಡು. ನಿದ್ದೆ ಬಂದ್ರೆ ಮಲಗಿ, ಸ್ಕೋರ್ ನಾನು ಹಾಕ್ತೀನಿ. ಪುಟ್ಟಾ, ಒಂಬತ್ತಕ್ಕೆ ನಿನ್ನ ಹಾಸ್ಟೆಲ್ ಮುಂದೆ ಇರ್ತೀನಿ, ಎದ್ದಿರು ಮಾರಾಯ. ನಿನ್ನ ಚಿಕ್ಕಮ್ಮ ಚಿತ್ರಾನ್ನ ಕಳಿಸ್ತಾಳೆ, ಕಾರ್ ಹತ್ರಾನೇ ತಿಂದು ಹೋಗೋಣ. ಮತ್ತೆ ಬ್ಯಾಗ್ ಗೀಗ್ ತರ್ಬೇಡ, ಗೇಟಲ್ಲಿ ಒಳಗೆ ಬಿಡಲ್ಲ.