ಇಂಗ್ಲಿಷ್ ಬರೆಯಲು ಬರುತ್ತದೆ, ಕಾಲ್‌ನಲ್ಲಿ ಮಾತಾಡುವಾಗ ತೊಡಕು. ಏನು ಮಾಡಲಿ?

ತೋಟದಮನೆ_ಶಿರಸಿ:
ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಊರಿನ ಮನೆಯಿಂದಲೇ ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತೇನೆ. ಇಮೇಲ್ ಬರೆಯುವುದು ಕಷ್ಟ ಇಲ್ಲ. ವಾರದ ಕಾಲ್ ಬಂದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಆ ಕಡೆಯವರು ಅಮೆರಿಕದವರು, ಅವರ ವೇಗಕ್ಕೆ ಅರ್ಧ ಮಾತು ತಲೆಗೆ ಹೋಗುವುದಿಲ್ಲ, ನಾನು ಬಾಯಿ ಬಿಟ್ಟರೆ ಅವರು ‘ಸಾರಿ?’ ‘ಸಾರಿ?’ ಅನ್ನುತ್ತಾರೆ, ಅಲ್ಲಿಗೆ ನನಗೆ ಇದ್ದಬದ್ದ ಇಂಗ್ಲಿಷೂ ಮರೆತುಹೋಗುತ್ತದೆ. ಹುಬ್ಬಳ್ಳಿಯಲ್ಲಿ ಅಕ್ಸೆಂಟ್ ಕಲಿಸುವ ಕ್ಲಾಸ್ ಇದೆಯಂತೆ, ಫೀಸು ಜಾಸ್ತಿ. ಸೇರಬಹುದಾ?

ಕುಡ್ಲೆ_ದಂಡೆ:
ದುಡ್ಡು ಉಳಿಸಿ ಮಾರಾಯ್ರೇ. ಗೋಕರ್ಣದಲ್ಲಿ ನಮ್ಮ ರೂಮುಗಳಿಗೆ ರಷ್ಯಾ, ಇಸ್ರೇಲ್, ಜರ್ಮನಿಯವರೆಲ್ಲ ಬರುತ್ತಾರೆ. ಅವರಿಗೂ ಇಂಗ್ಲಿಷ್ ಮನೆಮಾತಲ್ಲ. ಅವರದ್ದೂ ಹರಕುಮುರುಕು, ನಮ್ಮದೂ ಹರಕುಮುರುಕು, ವ್ಯವಹಾರ ಸಲೀಸು. ಗಲಿಬಿಲಿ ಆಗುವುದು ಇಂಗ್ಲೆಂಡಿನವರು ಬಂದಾಗಲೇ! ನಿಧಾನ ಮಾತಾಡಿ ಅಂತ ನಿಮ್ಮ ಅಮೆರಿಕದವರಿಗೇ ಹೇಳಿ. ಎಲ್ಲ ಭಾರ ನಾವೇ ಯಾಕೆ ಹೊರಬೇಕು?

ಬೈತಖೋಲ್_ನಾವಿಕ:
ಕಾರವಾರದವನು, ಸರಕು ಹಡಗಿನಲ್ಲಿ ಕೆಲಸ. ನಮ್ಮಲ್ಲಿ ಫಿಲಿಪೀನ್ಸ್, ಉಕ್ರೇನ್, ಚೀನಾದವರು ಒಟ್ಟಿಗೆ ಇರುತ್ತಾರೆ, ಒಬ್ಬನ ಉಚ್ಚಾರ ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಆದರೆ ಮಾತು ತಪ್ಪಿದರೆ ಹಡಗು ಬಂಡೆಗೆ ಹೊಡೆಯಬಹುದು. ಅದಕ್ಕೇ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಹಡಗಿನ ಮಾತಿಗೆ ಸಿದ್ಧ ವಾಕ್ಯಗಳನ್ನು ಒಪ್ಪಿಕೊಂಡಿತು. ಅದರಲ್ಲಿ ಮುಖ್ಯ ಅಕ್ಸೆಂಟ್ ಅಲ್ಲ ತಂಗಿ, ಮಾತಾಡುವ ಅಭ್ಯಾಸ.

ಬರೀ ‘ಯೆಸ್’ ಅನ್ನುವಂತಿಲ್ಲ, ಯೆಸ್ ಅಂದ ಮೇಲೆ ಪೂರ್ತಿ ವಾಕ್ಯ ಹೇಳಬೇಕು. ಇದು ನಮಗೆ ಬಹಳ ಮುಖ್ಯ. ‘ಫೈಲ್ ಸಿಕ್ಕಿಲ್ವಾ?’ ಅಂದರೆ ನಾವು ‘ಹೌದು, ಸಿಕ್ಕಿಲ್ಲ’ ಅನ್ನುತ್ತೇವೆ, ಇಂಗ್ಲಿಷಿನವರು ಅಲ್ಲಿ ‘ನೋ’ ಅನ್ನುತ್ತಾರೆ. ನೀವು ‘ಯೆಸ್’ ಅಂದು ನಿಲ್ಲಿಸಿದರೆ ಅವರು ಸಿಕ್ಕಿದೆ ಅಂದುಕೊಳ್ಳುತ್ತಾರೆ. ‘ಐ ಹ್ಯಾವ್ ನಾಟ್ ರಿಸೀವ್ಡ್ ಇಟ್’ ಅಂದರೆ ಮುಗಿಯಿತು. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುತ್ತೇವೆ, ‘ಒನ್ ಫೈವ್’ ಅಂತ, ಇಲ್ಲದಿದ್ದರೆ ಫಿಫ್ಟೀನ್, ಫಿಫ್ಟಿ ಕಲಸುಮೇಲೋಗರ. ಲೆಕ್ಕದ ಕೆಲಸಕ್ಕೆ ಇದು ಬೇಕೇ ಬೇಕು. ಇನ್ನೊಂದು, ಚುಕ್ಕಾಣಿ ಹಿಡಿದವನು ಬಂದ ಆಜ್ಞೆಯನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಅದನ್ನು ಯಾರೂ ದಡ್ಡತನ ಅನ್ನುವುದಿಲ್ಲ, ಹೇಳದಿದ್ದರೆ ಬೈಗುಳ ಬೀಳುತ್ತದೆ.

ಕುಮಟಾ_ಮೇಷ್ಟ್ರು:
ನಾವಿಕರ ಮಾತು ಸರಿ. ಉಚ್ಚಾರದಲ್ಲಿ ಏನಾದರೂ ತಿದ್ದಬೇಕಾದರೆ ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಅನ್ನುವುದನ್ನು ತಿದ್ದಿಕೊಳ್ಳಿ. ಕನ್ನಡದಲ್ಲಿ ಒತ್ತು ಬದಲಾದರೆ ಪದ ಗುರುತು ಸಿಗದೆ ಹೋಗುವುದಿಲ್ಲ, ಇಂಗ್ಲಿಷಿನಲ್ಲಿ ಕೇಳುವವರು ಅದನ್ನೇ ಹಿಡಿದು ಪದ ಹುಡುಕುತ್ತಾರೆ. ನಾವು ‘ಹೋಟೆಲ್’ನಲ್ಲಿ ಹೋ ಒತ್ತುತ್ತೇವೆ, ಅವರು ಟೆಲ್ ಒತ್ತುತ್ತಾರೆ. ‘ಡೆವಲಪ್’ನಲ್ಲೂ ಅವರ ಒತ್ತು ನಡುವೆ. ನಿಮ್ಮ ಕೆಲಸದಲ್ಲಿ ದಿನಾ ಬರುವ ಪದಗಳಷ್ಟನ್ನೇ ನಿಘಂಟಿನ ಆ್ಯಪ್‌ನಲ್ಲಿ ಕೇಳಿ, ಸಾಕು. ಮತ್ತೆ ಎಲ್ಲ ತಪ್ಪೂ ನಿಮ್ಮ ಕಿವಿಯದ್ದಲ್ಲ. ಹಳೆಯ ಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. ‘ಎಸ್’ ಮತ್ತು ‘ಎಫ್’ ಬೇರೆ ಬೇರೆ ಅಂತ ತಿಳಿಯುವ ಸದ್ದು ಹೆಚ್ಚಿನಂಶ ಅದಕ್ಕಿಂತ ಮೇಲಿರುತ್ತದೆ. ನೆಟ್ ಕಾಲ್‌ನಲ್ಲೂ ಸಿಗ್ನಲ್ ಕುಂಟಿದರೆ ಮಾತು ತುಂಡಾಗುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ನೆಟ್‌ವರ್ಕ್ ಬಗ್ಗೆ ನಾನೇನು ಹೇಳುವುದು!

ತೋಟದಮನೆ_ಶಿರಸಿ:
ಅಣ್ಣಾ, ಎರಡೆರಡು ಸಲ ಕೇಳಿದರೆ ಅವರಿಗೆ ಸಿಟ್ಟು ಬರುವುದಿಲ್ವಾ?

ಬೈತಖೋಲ್_ನಾವಿಕ:
ಬರೀ ‘ಸಾರಿ’ ಅಂದರೆ ಬರಬಹುದು, ಏಕೆಂದರೆ ಅವರು ಎಲ್ಲವನ್ನೂ ಮೊದಲಿಂದ ಹೇಳಬೇಕು. ತಪ್ಪಿದ ತುಂಡನ್ನಷ್ಟೇ ಕೇಳಿ. ‘ಬೈ ಟ್ಯೂಸ್‌ಡೇ ಯು ನೀಡ್... ವಾಟ್?’ ಕಾಲ್ ಮುಗಿದ ಮೇಲೆ ಒಪ್ಪಿಕೊಂಡದ್ದನ್ನು ಮೇಲ್‌ನಲ್ಲಿ ಹಾಕಿಬಿಡಿ. ಬರೆಯುವುದು ನಿಮಗೆ ಬರುತ್ತದಲ್ವಾ.