ಕೂರುವುದು, ಏಳುವುದು, ಆಗಿಬರುವುದು: ‘ಕಂಪ್ಯಾಟಿಬಲ್’ ಎಂಬುದಕ್ಕೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕಾಗಿದೆ. ತಿಪಟೂರಿನಲ್ಲಿ ಡಿಪ್ಲೊಮಾ ಓದುತ್ತಿರುವ ನನ್ನ ಅಕ್ಕನ ಮಗ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವನು. ಮಾನಿಟರ್ ಬಿಟ್ಟು 45,000 ರೂಪಾಯಿಯೊಳಗೆ ಬಿಡಿಭಾಗಗಳನ್ನು ಕೊಂಡು, ಗೇಮ್ ಆಡಲು ತಕ್ಕ ಕಂಪ್ಯೂಟರೊಂದನ್ನು ತಾನೇ ಜೋಡಿಸಬೇಕೆಂಬುದು ಅವನ ಆಸೆ. ಭಾಗಗಳನ್ನು ಆರಿಸುವ ಬಗೆಯನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೇನೆ. ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ (ವಿದ್ಯುತ್ತು ಒದಗಿಸುವ ಪೆಟ್ಟಿಗೆ), ಕ್ಯಾಬಿನೆಟ್ ಮುಂತಾದ ಹೆಸರುಗಳು ನನಗೆ ತೊಡಕಾಗಲಿಲ್ಲ. ಅಂಗಡಿಯಲ್ಲಿ ಹೇಗಿವೆಯೋ ಹಾಗೆಯೇ ಇರಲಿ ಎಂದು ಬಿಟ್ಟೆ. ನಾನು ಸಿಕ್ಕಿಬಿದ್ದದ್ದು ‘ಕಂಪ್ಯಾಟಿಬಲ್’ ಎಂಬ ಒಂದೇ ಒಂದು ಗುಣವಾಚಕದಲ್ಲಿ. ಯಾವ ಭಾಗಕ್ಕೆ ಯಾವುದು ಎಂಬುದನ್ನು ತೋರಿಸುವ ಕೋಷ್ಟಕವೊಂದನ್ನು ಹಾಕಿದ್ದೇನೆ. ಅದರ ಮುಖ್ಯ ಕಲಮಿಗೆ ಏನು ತಲೆಬರಹ ಕೊಡಬೇಕೆಂದು ಹದಿನೈದು ದಿನದಿಂದ ತೋಚುತ್ತಿಲ್ಲ.

ಸಾಮಾನ್ಯವಾಗಿ ಬಳಕೆಯಲ್ಲಿರುವುದು ‘ಹೊಂದಾಣಿಕೆ’. ಬಿಗಿಯಾಗಿ ಬರೆಯುವವರು ‘ಸುಸಂಗತ’ ಎನ್ನುತ್ತಾರೆ. ಸುಸಂಗತ ಎಂಬುದು ವಾದಕ್ಕೆ, ಬರವಣಿಗೆಗೆ ಒಪ್ಪುವ ಮಾತು. ಸುಸಂಗತವಾದ ರ‍್ಯಾಮ್ ಎಂದರೆ ಹುಡುಗ ನಕ್ಕಾನು. ಹೊಂದಾಣಿಕೆಯ ತೊಡಕು ಬೇರೆಯದು. ನಮ್ಮ ಮಾತಿನಲ್ಲಿ ಅದರೊಳಗೆ ಯಾವಾಗಲೂ ಸ್ವಲ್ಪ ಬಿಟ್ಟುಕೊಡುವುದು ಸೇರಿರುತ್ತದೆ. ಅತ್ತೆ ಸೊಸೆ ಹೊಂದಾಣಿಕೆ ಮಾಡಿಕೊಂಡು ಹೋಗುತ್ತಾರೆ, ಪಕ್ಷಗಳು ಸೀಟು ಹೊಂದಾಣಿಕೆ ಮಾಡಿಕೊಳ್ಳುತ್ತವೆ, ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂರುವುದೂ ಹೊಂದಾಣಿಕೆಯೇ. ಪ್ರೊಸೆಸರು ಮಾತ್ರ ಯಾರಿಗೂ ಏನನ್ನೂ ಬಿಟ್ಟುಕೊಡುವುದಿಲ್ಲ. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡಿಗೆ ಸಾಕೆಟ್ ಎನ್ನುತ್ತಾರೆ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಪ್ರೊಸೆಸರಿನ ಅಡಿಯಲ್ಲಿ 1331 ಪಿನ್‌ಗಳಿವೆ. 2022ರಲ್ಲಿ ಬಂದ ಎಎಂ5ರಲ್ಲಿ ಪಿನ್‌ಗಳು ಬೋರ್ಡಿನ ಸಾಕೆಟ್ಟಿಗೆ ಹೋಗಿ ಅವುಗಳ ಸಂಖ್ಯೆ 1718 ಆಗಿದೆ. ಇದರಲ್ಲಿ ಅದನ್ನು ಹೇಗೋ ಸುಧಾರಿಸಿಕೊಂಡು ಕೂರಿಸಲು ಬರುವುದಿಲ್ಲ.

ಈ ಒಂದು ಪದದ ಹಿಂದೆ ಒಂದಕ್ಕಿಂತ ಹೆಚ್ಚು ಅರ್ಥಗಳು ಅಡಗಿವೆ ಎಂಬುದು ನನಗೆ ತಿಳಿದದ್ದು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆಯಲ್ಲಿ, ಕೈ ಸುಟ್ಟುಕೊಂಡ ಮೇಲೆ. ಎರಡು ವರ್ಷದ ಹಿಂದೆ ನನಗಾಗಿ ಎಎಂ4 ಸಾಕೆಟ್ಟಿನದೇ ಆದ ಬಿ450 ಬೋರ್ಡನ್ನೂ ರೈಜನ್ 5 5600 ಪ್ರೊಸೆಸರನ್ನೂ ಅಲ್ಲಿನ ಅಂಗಡಿಯೊಂದರಲ್ಲಿ ಕೊಂಡೆ. ಕೇಳಿದ್ದಕ್ಕೆ ಅವರು, ‘ಆಗುತ್ತೆ ಸಾರ್, ತಗೊಂಡ್ಹೋಗಿ’ ಎಂದಿದ್ದರು. ಮನೆಯಲ್ಲಿ ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ಪುಟ್ಟ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಸರಿಯಾಗಿ ಹಿಡಿದೆ. ಒತ್ತುವ ಮೊದಲೇ ಅದು ತನ್ನ ಭಾರಕ್ಕೆ ತಾನೇ ಇಳಿದು ಕುಳಿತಿತು. ಕೂರುವುದೆಂದರೆ ಹೀಗೆ ಕೂರಬೇಕು ಎನ್ನುವಂತೆ ಕುಳಿತಿತ್ತು. ಸ್ವಿಚ್ ಹಾಕಿದರೆ ಫ್ಯಾನುಗಳು ತಿರುಗಿದವು, ದೀಪಗಳು ಹತ್ತಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮಾರನೆಯ ದಿನ ಎಲ್ಲವನ್ನೂ ಹೊತ್ತುಕೊಂಡು ಅಂಗಡಿಗೆ ಹೋದಾಗ ಅಲ್ಲಿ ಕೆಲಸಕ್ಕಿದ್ದ ಹುಡುಗ ಬೋರ್ಡಿನ ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿ, ‘ಕೂತ್ಕೊಂಡಿದೆ ಸಾರ್, ಎದ್ದೇಳ್ತಿಲ್ಲ ಅಷ್ಟೆ’ ಎಂದ. ಬಿ450 ಬಂದದ್ದು 2018ರಲ್ಲಿ. 5000 ಸಾಲಿನ ರೈಜನ್‌ಗಳು ಬಂದದ್ದು 2020ರ ಕೊನೆಯಲ್ಲಿ. ಹಳೆಯ ಬಯಾಸ್ (ಸ್ವಿಚ್ ಹಾಕಿದೊಡನೆ ಬೋರ್ಡನ್ನು ಎಬ್ಬಿಸುವ ಪ್ರೋಗ್ರಾಮು) ಇರುವ ಬೋರ್ಡಿಗೆ ಈ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ. ಹುಡುಗ ನನ್ನ ಪ್ರೊಸೆಸರನ್ನು ತೆಗೆದು, ಪೇಸ್ಟ್ ಒರೆಸಿಟ್ಟು, ಹಳೆಯ ರೈಜನ್ 5 2600 ಒಂದನ್ನು ಕೂರಿಸಿ, ಪೆನ್‌ಡ್ರೈವಿನಿಂದ ಬಯಾಸ್ ಹೊಸದು ಮಾಡಿ, ಮತ್ತೆ ನನ್ನದನ್ನೇ ಹಾಕಿಕೊಟ್ಟ. ಅರ್ಧ ಗಂಟೆಯ ಕೆಲಸ. ಮಾರುವಾಗಲೇ ಅದನ್ನು ಮಾಡಿಕೊಡಬಹುದಿತ್ತಲ್ಲ ಎಂಬ ಸಿಟ್ಟು ಆಗ ಇತ್ತು. ಆದರೆ ಅವನ ಬಾಯಿಂದ ಬಂದ ಆ ಎರಡು ಕ್ರಿಯಾಪದಗಳು ನನಗೆ ಇಂದಿಗೂ ಪಾರಿಭಾಷಿಕ ಪದಗಳಷ್ಟೇ ಖಚಿತವಾಗಿ ಕಾಣುತ್ತವೆ.

‘ಕೂರು’ ಎಂಬುದು ಆಕಾರದ ಮಾತು. ರ‍್ಯಾಮಿನ ಎರಡು ತಲೆಮಾರುಗಳಾದ ಡಿಡಿಆರ್4, ಡಿಡಿಆರ್5 ಎರಡರಲ್ಲಿಯೂ 288 ಪಿನ್‌ಗಳೇ ಇದ್ದರೂ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಸರಿಯಾದದ್ದನ್ನು ಇಟ್ಟು ಒತ್ತಿದರೆ ‘ಟಕ್’ ಎಂದು ಕೊಕ್ಕೆ ಬೀಳುತ್ತದೆ. ‘ಏಳು’ ಎಂಬುದು ಗುರುತಿಸಿ ನಡೆಸುವ ಮಾತು. ಇಂಟೆಲ್‌ನ ಆರು, ಏಳನೆಯ ತಲೆಮಾರಿನ ಪ್ರೊಸೆಸರುಗಳಿಗೂ ಎಂಟು, ಒಂಬತ್ತನೆಯ ತಲೆಮಾರಿನವುಗಳಿಗೂ ಸಾಕೆಟ್ಟಿನ ಹೆಸರು 1151 ಎಂದೇ ಇತ್ತು, ಅಳತೆಯೂ ಅದೇ. ಆದರೂ 2017ರಲ್ಲಿ ಬಂದ ಎಂಟನೆಯ ತಲೆಮಾರಿನದು ಏಳನೆಯ ತಲೆಮಾರಿನ ಕಾಲದ 200 ಸಾಲಿನ ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಕೂರುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಇವೆರಡನ್ನೂ ‘ಹೊಂದಾಣಿಕೆ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿದರೆ ಓದುವವನಿಗೆ ಬೇಕಾದ ಮಾಹಿತಿಯೇ ಕೈಬಿಟ್ಟುಹೋಗುತ್ತದೆ, ಏಕೆಂದರೆ ಮೊದಲನೆಯದು ಅವನ ಕಣ್ಣಿಗೇ ಕಾಣುವಂಥದ್ದು, ಎರಡನೆಯದು ದುಡ್ಡು ಕೊಟ್ಟ ಮೇಲೆ ತಿಳಿಯುವಂಥದ್ದು.

ಇನ್ನು ಅಂಗಡಿಯವರ ‘ಆಗುತ್ತೆ’. ಎಸ್.ಪಿ. ರಸ್ತೆಯಲ್ಲಿ ‘ಸಪೋರ್ಟ್ ಆಗಲ್ಲ’, ‘ಸೆಟ್ ಆಗುತ್ತೆ’ ಎಂದೆಲ್ಲ ಕೇಳಿಬರುತ್ತದೆ, ಆದರೆ ಅವುಗಳಲ್ಲಿಯೂ ದುಡಿಯುತ್ತಿರುವುದು ಈ ಆಗುವ ಕ್ರಿಯೆಯೇ. ‘ಈ ಬೋರ್ಡಿಗೆ ಆ ಪ್ರೊಸೆಸರ್ ಆಗುತ್ತಾ?’ ಎಂದು ಕೇಳುತ್ತೇವೆ. ಇಂಗ್ಲಿಷಿನ ಗುಣವಾಚಕ ಮಾಡುವ ಕೆಲಸವನ್ನು ಇಲ್ಲಿ ಒಂದು ಚತುರ್ಥಿ ಪ್ರತ್ಯಯವೂ ಒಂದು ಕ್ರಿಯಾಪದವೂ ಸೇರಿ ಮಾಡುತ್ತಿವೆ. ಇದು ಬಡತನವಲ್ಲ, ಅನುಕೂಲ ಎಂದು ನನ್ನ ಎಣಿಕೆ. ಯಾವುದಕ್ಕೆ ಯಾವುದು ಎಂಬ ದಿಕ್ಕನ್ನು ‘ಗೆ’ ಪ್ರತ್ಯಯ ತೋರಿಸಿಬಿಡುತ್ತದೆ. ಇಂಟೆಲ್‌ನ 1700 ಸಾಕೆಟ್ಟಿನ ಪ್ರೊಸೆಸರಿಗೆ ಡಿಡಿಆರ್4 ಕೂಡ ಆಗುತ್ತದೆ, ಡಿಡಿಆರ್5 ಕೂಡ ಆಗುತ್ತದೆ; ಆದರೆ ಕೊಳ್ಳುವ ಬೋರ್ಡಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದೇ ಆಗುತ್ತದೆ. ಈ ವ್ಯತ್ಯಾಸವನ್ನು ನಾಮಪದಗಳಲ್ಲಿ ಹೇಳಲು ಹೊರಟು ಮೂರು ಸಾಲು ಬರೆದು ಹೊಡೆದುಹಾಕಿದ್ದೇನೆ. ತೊಂದರೆ ಬರುವುದು ತಲೆಬರಹ ಬೇಕಾದಾಗ. ‘ಆಗುವಿಕೆ’ ಎಂದರೆ ಏನೋ ಸಂಭವಿಸುತ್ತಿದೆ ಎನಿಸುತ್ತದೆ. ನಿಷೇಧರೂಪವಂತೂ ಇನ್ನೂ ಕಷ್ಟ. ‘ಆಗದ ಭಾಗಗಳು’ ಎಂದು ಬರೆದು ಮತ್ತೆ ಓದಿಕೊಂಡಾಗ ಊರಿನಲ್ಲಿ ನಮಗೆ ಆಗದವರ ಮುಖಗಳೆಲ್ಲ ಕಣ್ಣೆದುರು ಬಂದವು.

‘ಆಗು’ ಎಂಬುದರ ಪಕ್ಕದಲ್ಲೇ ‘ಆಗಿಬರು’ ಇದೆ, ಅದರ ಅರ್ಥ ತುಸು ಬೇರೆ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ. ತಿನ್ನುವಾಗ ರುಚಿಯಾಗಿಯೇ ಇರುತ್ತದೆ, ರಾತ್ರಿ ಮೈ ಕೆರೆತ ಶುರುವಾಗುತ್ತದೆ. ಕಂಪ್ಯೂಟರಿನಲ್ಲಿಯೂ ಈ ಬಗೆಯ ದೋಷ ಉಂಟು. ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಹಾಕಿದರೆ ಎಲ್ಲವೂ ಕೂರಬಹುದು, ಏಳಲೂಬಹುದು. ಗೇಮ್ ಆಡಲು ತೊಡಗಿ ಗ್ರಾಫಿಕ್ಸ್ ಕಾರ್ಡು ವಿದ್ಯುತ್ತು ಎಳೆಯತೊಡಗಿದಾಗ ಪಟ್ಟನೆ ಆರಿಹೋಗುತ್ತದೆ. ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್, 5600 ಪ್ರೊಸೆಸರಿಗೆ 65 ವ್ಯಾಟ್ ಎಂಬುದು ಕಂಪನಿಯೇ ಕೊಟ್ಟಿರುವ ಲೆಕ್ಕ. ನಂಬಬಹುದಾದ 450 ವ್ಯಾಟಿನದು ಈ ಜೋಡಿಗೆ ಸಾಕು. ಮುಂದೆ ದೊಡ್ಡ ಕಾರ್ಡು ಹಾಕುವ ಆಸೆ ಇರುವ ನಮ್ಮ ಹುಡುಗನಿಗೆ 550 ಎಂದು ಬರೆದಿದ್ದೇನೆ. ಬೇರೆ ಬೇರೆ ಕಂಪನಿಯ ಎರಡು ರ‍್ಯಾಮ್ ಕಡ್ಡಿಗಳನ್ನು ಜೊತೆಯಾಗಿ ಹಾಕಿದಾಗ ಒಮ್ಮೊಮ್ಮೆ ಕಾಣಿಸುವ ತಕರಾರೂ ಇದೇ ಜಾತಿಯದು. ಇದಕ್ಕೆ ‘ಒಗ್ಗು’ ಎನ್ನಬಹುದೇ ಎಂದು ಮೊದಲು ಯೋಚಿಸಿದ್ದೆ. ಒಗ್ಗುವುದಕ್ಕೆ ಕಾಲ ಬೇಕು. ಹೊಸ ಊರಿನ ನೀರು ನಾಲ್ಕು ದಿನದಲ್ಲಿ ನಮಗೆ ಒಗ್ಗೀತು, ರ‍್ಯಾಮು ಬೋರ್ಡಿಗೆ ನಾಲ್ಕು ವರ್ಷವಾದರೂ ಒಗ್ಗದು. ಆದ್ದರಿಂದ ಅದನ್ನು ಕೈಬಿಟ್ಟೆ.

ಎಲ್ಲವೂ ಕೂತು, ಎದ್ದು, ಆಗಿಬಂದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಭಾಗಗಳು ಒಂದಕ್ಕೊಂದು ಸಮವೇ? ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ಗಾದೆ ಈ ಸಂದರ್ಭಕ್ಕೇ ಹುಟ್ಟಿದಂತಿದೆ. ನಮ್ಮ ಹುಡುಗ ಬೆಲೆ ನೋಡಿ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡನ್ನು ಗುರುತು ಹಾಕಿಕೊಂಡಿದ್ದ, ಬೋರ್ಡು ಮಾತ್ರ ಅದೇ ಬಿ450. ಆ ಕಾರ್ಡು ಮಾಹಿತಿ ಹರಿಯುವ 16 ಸಾಲುಗಳ (ಲೇನ್‌ಗಳ) ಉದ್ದನೆಯ ಸ್ಲಾಟಿನಲ್ಲಿ ಕುಳಿತರೂ ಬಳಸುವುದು 4 ಸಾಲುಗಳನ್ನು ಮಾತ್ರ. ಪಿಸಿಐಇ 4 (ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕದ ನಾಲ್ಕನೆಯ ಆವೃತ್ತಿ) ಇರುವ ಬೋರ್ಡಿನಲ್ಲಿ ಅದು ಹೇಗೋ ನಡೆಯುತ್ತದೆ. ಬಿ450ರಲ್ಲಿರುವುದು ಪಿಸಿಐಇ 3 ಆದ್ದರಿಂದ ಪ್ರತಿ ಸಾಲಿನ ವೇಗವೂ ಅರ್ಧಕ್ಕಿಳಿದು, ಮೊದಲೇ 4 ಜಿಬಿ ಮೆಮೊರಿಯ ಕಾರ್ಡು ಕೆಲವು ಗೇಮ್‌ಗಳಲ್ಲಿ ಏದುಸಿರು ಬಿಡುತ್ತದೆ. ‘ಮಾವ, ಕೆಲಸ ಮಾಡುತ್ತೆ ಅಂದ್ರಲ್ಲ, ಮತ್ತೆ ಬೇಡ ಅಂತೀರ?’ ಎಂದು ಅವನು ಫೋನಿನಲ್ಲಿ ಕೇಳಿದಾಗ ನನಗೆ ತಟ್ಟನೆ ಹೊಳೆದದ್ದು ‘ಈಡುಜೋಡು’ ಎಂಬ ಮಾತು. ಆಗುತ್ತದೆ ಕಣೋ, ಈಡುಜೋಡಲ್ಲ ಎಂದೆ. ಅವನಿಗೆ ಕೂಡಲೇ ತಿಳಿಯಿತು. ಅವನ ಅಜ್ಜಿ ಗಂಡು ಹೆಣ್ಣಿನ ವಿಷಯದಲ್ಲಿ ಆ ಮಾತು ಬಳಸುವುದನ್ನು ಕೇಳಿ ಬೆಳೆದವನು. ಅದೇ ಜಾಡಿನಲ್ಲಿ ‘ಸಾಲಾವಳಿ’ ಎಂಬುದನ್ನೂ ಇಡೀ ಕೋಷ್ಟಕದ ಹೆಸರಾಗಿ ಇಡಬಹುದೆನಿಸಿತ್ತು. ಜಾತಕದಲ್ಲಿ 36 ಗುಣಗಳಲ್ಲಿ ಎಷ್ಟು ಕೂಡಿಬಂದವೆಂದು ನೋಡುವುದೂ ಇಂಥದೇ ಕೆಲಸವಲ್ಲವೇ? ಆದರೆ ಅಲ್ಲಿ ಹದಿನೆಂಟು ಗುಣ ಕೂಡಿಬಂದರೂ ಮದುವೆ ಮಾಡುತ್ತಾರೆ, ಇಲ್ಲಿ ಸಾಕೆಟ್ ಒಂದು ತಪ್ಪಿದರೂ ಕಥೆ ಮುಗಿಯಿತು. ತಮಾಷೆಗೆ ಚೆನ್ನ, ಕೋಷ್ಟಕಕ್ಕೆ ಬೇಡ.

ಹೀಗಾಗಿ ಪುಟಗಳ ಒಳಗೆ ಕೂರು, ಏಳು, ಆಗಿಬರು, ಈಡುಜೋಡು ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಬಳಸಬೇಕೆಂದು ತೀರ್ಮಾನಿಸಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ. ಇವೆಲ್ಲಕ್ಕೂ ಮೇಲೆ ಕೊಡೆಯಂತೆ ನಿಲ್ಲುವ ನಾಮಪದಕ್ಕೆ ‘ಹೊಂದಿಕೆ’ ಸಾಕೇ ಎಂಬುದು ನಿಮಗೆ ನನ್ನ ಮೊದಲ ಪ್ರಶ್ನೆ. ಹೊಂದಾಣಿಕೆಯಲ್ಲಿರುವ ರಾಜಿಯ ವಾಸನೆ ಇದರಲ್ಲಿ ನನಗೆ ಅಷ್ಟಾಗಿ ಬರುವುದಿಲ್ಲ, ಆದರೆ ನಿಮ್ಮ ಕಿವಿಗೆ ಬರುತ್ತದೆಯೇ?

ಎರಡನೆಯದು ಸೀಮೆಯ ಮಾತಿಗೆ ಸಂಬಂಧಿಸಿದ್ದು. ‘ಕೂಡುತ್ತದೆ’ ಎಂಬುದನ್ನು ಒಂದಕ್ಕೊಂದು ಸೇರುತ್ತದೆ ಎಂಬ ಅರ್ಥದಲ್ಲಿ ಒಂದೆರಡು ಕಡೆ ಬರೆದಿದ್ದೆ. ಧಾರವಾಡದ ಕಡೆಯ ಸಹೋದ್ಯೋಗಿಯೊಬ್ಬರು ಓದಿ, ತಮ್ಮಲ್ಲಿ ಕೂಡುವುದೆಂದರೆ ಕುಳಿತುಕೊಳ್ಳುವುದೂ ಹೌದಲ್ಲ ಎಂದು ನೆನಪಿಸಿದರು. ಯಾವ ಎರಡು ಅರ್ಥಗಳನ್ನು ಬೇರ್ಪಡಿಸಲು ನಾನು ಇಷ್ಟು ಹೆಣಗುತ್ತಿದ್ದೇನೆಯೋ ಅವೆರಡೂ ಅಲ್ಲಿ ಒಂದೇ ಪದದಲ್ಲಿ ಬಂದು ಕೂತಿವೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಕಡೆಯವರು ತಮ್ಮೂರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೂರುತ್ತದೆ ಆದರೆ ಏಳುವುದಿಲ್ಲ ಎಂಬುದನ್ನು ಹೇಗೆ ಹೇಳುತ್ತಾರೆಂದು ದಯವಿಟ್ಟು ತಿಳಿಸಬೇಕು. ನಲ್ಲಿ, ಪಂಪುಸೆಟ್ಟು, ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿಯ ಮಾತಾದರೂ ಸರಿಯೇ. ಅಳತೆ ಸರಿಯಿದ್ದೂ ಕೆಲಸಕ್ಕೆ ಬಾರದ ಭಾಗ ಅಲ್ಲಿಯೂ ಇದ್ದೇ ಇರುತ್ತದೆ, ಅದಕ್ಕೊಂದು ಹೆಸರೂ ಇದ್ದೀತು.

ಹುಡುಗ ಬರುವ ಶನಿವಾರ ಬೆಳಗ್ಗೆ ರೈಲಿಗೆ ಬರುತ್ತಾನೆ, ಭಾನುವಾರ ಎಸ್.ಪಿ. ರಸ್ತೆಯ ಅಂಗಡಿಗಳು ಬಹುಪಾಲು ಮುಚ್ಚಿರುವುದರಿಂದ ಶನಿವಾರವೇ ಮಧ್ಯಾಹ್ನ ಕೋಷ್ಟಕ ಹಿಡಿದು ಹೋಗಬೇಕು. ಸದ್ಯಕ್ಕೆ ಆ ಕಲಮಿನ ತಲೆಯಲ್ಲಿ ಪೆನ್ಸಿಲ್ಲಿನಿಂದ ‘ಆಗುತ್ತಾ?’ ಎಂದಷ್ಟೇ ಬರೆದಿಟ್ಟಿದ್ದೇನೆ.