ತೆರಿಗೆ ವರದಿ ಟೂಲ್‌ಗೆ ಎಐ ಏಜೆಂಟ್ ಓದುವಂಥ ಕೈಪಿಡಿ: ಮಾಡಿದವರು ಹೇಳಿ

ಪ್ರಶ್ನೆ (ಹಿಂಜವಡಿ, ಪುಣೆ): ನಮ್ಮದು ಜಿಎಸ್‌ಟಿ ರಿಟರ್ನ್ ಸಿದ್ಧಪಡಿಸುವ ಸಾಫ್ಟ್‌ವೇರ್. ಮನುಷ್ಯರಿಗಾಗಿ ಬರೆದ ಕೈಪಿಡಿ ಇದೆ. ಈಗ ಗ್ರಾಹಕರು ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಸಾಫ್ಟ್‌ವೇರ್ ಬಳಸಿ ಮಾಡುವ ಎಐ) ಕೈಯಲ್ಲಿ ಕೆಲಸ ಮಾಡಿಸುತ್ತಿದ್ದಾರೆ. ಅದು ತಿಂಗಳು ತಪ್ಪು ಹಾಕುತ್ತದೆ, ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ತೆರಿಗೆ) ಇರಬೇಕಾದಲ್ಲಿ ಸಿಜಿಎಸ್‌ಟಿ (ರಾಜ್ಯದೊಳಗಿನ ಮಾರಾಟದಲ್ಲಿ ಕೇಂದ್ರದ ಪಾಲು) ಹಾಕುತ್ತದೆ. ಇದೇ ಕೈಪಿಡಿ ಕೊಟ್ಟರೆ ಸಾಕೇ, ಬೇರೆಯೇ ಬರೆಯಬೇಕೇ?

ಡೊಂಬಿವಲಿಯಿಂದ: ಬೇರೆಯೇ ಬರೆಯಬೇಕು ಸರ್. ಟೂಲ್ (ನಿಮ್ಮ ಸಾಫ್ಟ್‌ವೇರ್‌ನಲ್ಲಿ ಏಜೆಂಟ್ ಕರೆಯಬಹುದಾದ ಒಂದೊಂದು ಕೆಲಸ) ಆರಿಸುವ ಹೊತ್ತಿಗೆ ಏಜೆಂಟ್ ಕಣ್ಣೆದುರು ಇರುವುದು ಟೂಲ್‌ನ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಯಾವ ಮಾಹಿತಿ ಯಾವ ರೂಪದಲ್ಲಿ ಬೇಕು ಎಂಬ ಪಟ್ಟಿ), ಇಷ್ಟೇ. ಅಲ್ಲಿ ಬಿಟ್ಟ ಜಾಗವನ್ನು ಅದು ಊಹೆಯಿಂದ ತುಂಬಿಕೊಳ್ಳುತ್ತದೆ.

ಮೊದಲು ಅವಧಿ. ಜಿಎಸ್‌ಟಿಆರ್-1ರ (ಮಾರಾಟದ ವಿವರ ಕೊಡುವ ರಿಟರ್ನ್) ಜೇಸನ್ ಕಡತದಲ್ಲಿ ಏಪ್ರಿಲ್ 2025 ಅಂದರೆ 042025. ಏಜೆಂಟ್ 2025-04 ಅಂತ ಬರೆಯುತ್ತದೆ. “ಅವಧಿ ಕೊಡಿ” ಎಂದು ಬರೆದು ಬಿಡಬೇಡಿ. ಆರು ಅಂಕಿ, ಮೊದಲೆರಡು ತಿಂಗಳು ಅಂತ ಹೇಳಿ, ಉದಾಹರಣೆ ಕೊಟ್ಟು, ಸ್ಕೀಮಾದಲ್ಲೂ ಪ್ಯಾಟರ್ನ್ ಕಟ್ಟಿ. ಇನ್‌ವಾಯ್ಸ್ ದಿನಾಂಕ 05-04-2025 ಅಂದರೆ ಏಪ್ರಿಲ್ 5, ಮೇ 4 ಅಲ್ಲ ಎಂದೂ ಬರೆಯಿರಿ.

ರಾಜ್ಯ ಸಂಕೇತವನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ (ಸ್ಟ್ರಿಂಗ್) ಇಡಬೇಕು. ಮಹಾರಾಷ್ಟ್ರ 27, ಕರ್ನಾಟಕ 29, ಗೋವಾ 30. ಇವನ್ನು ಸಂಖ್ಯೆಯಾಗಿ ಕಳಿಸಿದರೂ ರೂಪ ಕೆಡುವುದಿಲ್ಲ, ಆದ್ದರಿಂದ ಪುಣೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ತಪ್ಪು ಕಾಣುವುದೇ ಇಲ್ಲ. ದೆಹಲಿಯ 07, ರಾಜಸ್ಥಾನದ 08 ಬಂದ ದಿನ ಸೊನ್ನೆ ಉದುರುತ್ತದೆ. ಇನ್‌ವಾಯ್ಸ್ ನಂಬರ್‌ಗೂ ಇದೇ ಗತಿ: 0045 ಹೋಗಿ 45 ಆದರೆ ಖರೀದಿದಾರರ ಜಿಎಸ್‌ಟಿಆರ್-2ಬಿ (ಪೋರ್ಟಲ್ ತಾನೇ ತಯಾರಿಸುವ ಅವರ ಖರೀದಿಯ ಪಟ್ಟಿ) ಅವರ ಪುಸ್ತಕದ ಜೊತೆ ತಾಳೆಯಾಗದು. ಗರಿಷ್ಠ 16 ಅಕ್ಷರ, ಇದ್ದದ್ದು ಇದ್ದಂತೆ ಕಳಿಸು ಎಂದು ಹೇಳಿ.

15 ಅಕ್ಷರದ ಜಿಎಸ್‌ಟಿಐಎನ್‌ನ (ಜಿಎಸ್‌ಟಿ ನೋಂದಣಿ ಸಂಖ್ಯೆ, ಮೊದಲೆರಡು ಅಂಕಿ ರಾಜ್ಯ ಸಂಕೇತ) ಕೊನೆಯದು ತಾಳೆ ನೋಡುವ ಅಕ್ಷರ. ಅದು ಹೊಂದದಿದ್ದರೆ ಏಜೆಂಟ್ ತಾನೇ “ಸರಿಪಡಿಸಲು” ಹೋಗುತ್ತದೆ. ಬದಲಿಸಬೇಡ, ಬಳಕೆದಾರರನ್ನು ಕೇಳು ಅನ್ನುವ ವಾಕ್ಯ ಕಡ್ಡಾಯ.

ಮಡಗಾಂವಿನಿಂದ: ಐಜಿಎಸ್‌ಟಿ ಗೊಂದಲದ ಬೇರು ಇಲ್ಲಿದೆ. ಗ್ರಾಹಕರ ಜಿಎಸ್‌ಟಿಐಎನ್‌ನ ಮೊದಲೆರಡು ಅಂಕಿ ನೋಡಿ ಏಜೆಂಟ್ ತೆರಿಗೆ ತೀರ್ಮಾನಿಸುತ್ತದೆ. ಪುಣೆಯಿಂದ ಬೆಂಗಳೂರಿಗೆ ಸರಕು ಹೋದರೆ ಸಾಮಾನ್ಯವಾಗಿ ಅದು ಸರಿಯೇ. ಆದರೆ ಮುಂಬಯಿ ಕಂಪನಿಯವರು ಗೋವಾದ ಹೋಟೆಲ್‌ನಲ್ಲಿ ಉಳಿದರೆ ಪ್ಲೇಸ್ ಆಫ್ ಸಪ್ಲೈ (ಕಾನೂನಿನ ಪ್ರಕಾರ ಮಾರಾಟ ನಡೆದ ಸ್ಥಳ) ಕಟ್ಟಡ ಇರುವ ಗೋವಾವೇ (ಐಜಿಎಸ್‌ಟಿ ಕಾಯ್ದೆಯ ಕಲಂ 12(3)). ಗ್ರಾಹಕರದು 27 ಇದ್ದರೂ ಬೀಳುವುದು ಸಿಜಿಎಸ್‌ಟಿ ಮತ್ತು ಗೋವಾ ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ಪ್ಲೇಸ್ ಆಫ್ ಸಪ್ಲೈ ಅನ್ನು ಕಡ್ಡಾಯ ಫೀಲ್ಡ್ ಮಾಡಿ, “ಜಿಎಸ್‌ಟಿಐಎನ್‌ನಿಂದ ಊಹಿಸಬೇಡ” ಎಂದು ಬರೆದು, ಈ ಹೋಟೆಲ್ ಉದಾಹರಣೆಯನ್ನೇ ಕೊಡಿ. ಹತ್ತು ಸಲೀಸು ಉದಾಹರಣೆಗಿಂತ ಇಂಥ ಒಂದು ತೊಡಕಿನ ಉದಾಹರಣೆ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು, ಏಜೆಂಟ್ ಹಿಂದಿರುವ ಎಐ ಮಾಡೆಲ್‌ಗೆ ಹಳೆಯ ನಿಯಮ ಬಾಯಿಪಾಠವಾಗಿರುತ್ತದೆ. ನೋಂದಣಿ ಇಲ್ಲದವರಿಗೆ ಅಂತರರಾಜ್ಯ ಮಾರಾಟವಾದಾಗ ಇನ್‌ವಾಯ್ಸ್‌ವಾರು ತೋರಿಸುವ ಮಿತಿ 2.5 ಲಕ್ಷ ಇದ್ದದ್ದು ಆಗಸ್ಟ್ 2024ರಿಂದ 1 ಲಕ್ಷಕ್ಕೆ ಇಳಿಯಿತು. ದರಗಳು 22-09-2025ರಿಂದ ಬದಲಾದವು. ದರವನ್ನು ವಿವರಣೆಯಲ್ಲಿ ಬರೆಯದೆ, ದಿನಾಂಕ ಕೊಟ್ಟರೆ ದರ ಹೇಳುವ ಬೇರೆ ಟೂಲ್ ಮಾಡಿ. ದರಗಳ ಪಟ್ಟಿಯಿಂದ ಶೇ. 12, ಶೇ. 28 ತೆಗೆಯಬೇಡಿ. ಹಳೆಯ ಇನ್‌ವಾಯ್ಸ್‌ಗಳ ಕ್ರೆಡಿಟ್ ನೋಟ್‌ಗೆ (ಬಿಲ್ ಮೊತ್ತ ಇಳಿಸುವ ಚೀಟಿ) ಬೇಕು.

ಅಂಧೇರಿಯಿಂದ: ನನ್ನ ಆತಂಕ ಫೈಲಿಂಗ್ ಬಗ್ಗೆ. ಸಿದ್ಧಪಡಿಸು, ಪರಿಶೀಲಿಸು, ಡ್ರಾಫ್ಟ್ ಉಳಿಸು, ಫೈಲ್ ಮಾಡು, ಇವು ನಾಲ್ಕು ಬೇರೆ ಟೂಲ್ ಆಗಿರಲಿ. ಫೈಲ್ ಮಾಡಿದ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ಸಾರಾಂಶ ರಿಟರ್ನ್) ಪರಿಷ್ಕರಿಸಲು ದಾರಿಯಿಲ್ಲ. ಜಿಎಸ್‌ಟಿಆರ್-1 ತಪ್ಪಿದರೆ ತಿದ್ದಲು 2024ರಲ್ಲಿ ಬಂದ ಜಿಎಸ್‌ಟಿಆರ್-1ಎ ಇದೆ, ಅದೂ ಆ ಅವಧಿಯ 3ಬಿ ಸಲ್ಲಿಸುವ ಮುನ್ನ ಮಾತ್ರ. ಹಾಗಾಗಿ “ಇದು ಹಿಂದೆ ಸರಿಯದ ಕೆಲಸ, ಒಟ್ಟು ಮೊತ್ತ ತೋರಿಸಿ ಒಪ್ಪಿಗೆ ಪಡೆ, ಓಟಿಪಿ ಮನುಷ್ಯರೇ ಪೋರ್ಟಲ್‌ನಲ್ಲಿ ಹಾಕಲಿ” ಎನ್ನುವುದು ವಿವರಣೆಯ ಮೊದಲ ಸಾಲು. ಬರೆದದ್ದನ್ನಷ್ಟೇ ನಂಬಬೇಡಿ, ಒಪ್ಪಿಗೆ ಸಿಕ್ಕಾಗ ಕೊಡುವ ಟೋಕನ್ (ಗುರುತಿನ ಸಂಕೇತ) ಇಲ್ಲದೆ ಸರ್ವರೇ ನಿರಾಕರಿಸಲಿ.

ಉತ್ತರ ಬರುವುದು ತಡವಾದರೆ ಏಜೆಂಟ್ ಅದೇ ಇನ್‌ವಾಯ್ಸ್ ಮತ್ತೆ ಕಳಿಸುತ್ತದೆ. ಪ್ರತಿ ವಿನಂತಿಗೂ ಒಂದು ಗುರುತು ಕೇಳಿ. ಮರುಯತ್ನಕ್ಕೂ ಅದೇ ಗುರುತು ಬಳಸು ಎಂದು ಬರೆಯಿರಿ. ದೋಷ ಸಂದೇಶವೂ ಕೈಪಿಡಿಯ ಭಾಗವೇ. “ಅಮಾನ್ಯ ಇನ್‌ಪುಟ್” ಅಂದರೆ ಅದು ಮನಸ್ಸಿಗೆ ಬಂದದ್ದನ್ನೆಲ್ಲ ಹಾಕಿ ನೋಡುತ್ತದೆ. “ಅವಧಿ 2025-04 ಬಂದಿದೆ, ಬೇಕಾದದ್ದು 042025, ತಿದ್ದಿ ಒಮ್ಮೆ ಮಾತ್ರ ಕಳಿಸು” ಅಂದರೆ ದಾರಿಗೆ ಬರುತ್ತದೆ.

ಪ್ರಶ್ನೆ ಕೇಳಿದವರು: ಕೊನೆಯ ದಿನಾಂಕಗಳನ್ನು ಬರೆದಿಡಲೇ? ಪರೀಕ್ಷೆ ಹೇಗೆ?

ಡೊಂಬಿವಲಿಯಿಂದ: ಮಾಸಿಕದವರಿಗೆ ಜಿಎಸ್‌ಟಿಆರ್-1 ಮುಂದಿನ ತಿಂಗಳ 11, 3ಬಿ 20, ತ್ರೈಮಾಸಿಕದವರಿಗೆ ಜಿಎಸ್‌ಟಿಆರ್-1 13, 3ಬಿ ನಮ್ಮ ಮಹಾರಾಷ್ಟ್ರ, ಗೋವಾ, ಕರ್ನಾಟಕಕ್ಕೆ 22. ಆದರೆ ಗಡುವು ಆಗಾಗ ವಿಸ್ತರಣೆಯಾಗುತ್ತದೆ, ಅದನ್ನೂ ಟೂಲ್‌ನಿಂದಲೇ ಕೊಡಿ. ಇವತ್ತಿನ ತಾರೀಕನ್ನೂ ಭಾರತದ ಸಮಯದಲ್ಲಿ ಸರ್ವರೇ ಹೇಳಲಿ. ಪರೀಕ್ಷೆಗೆ, ಮೇಲೆ ಹೇಳಿದ ತೊಡಕುಗಳಿಂದಲೇ ಇಪ್ಪತ್ತು ಕೆಲಸ ಆಯ್ದು, ಒಂದೊಂದನ್ನು ಐದು ಸಲ ಓಡಿಸಿ. ಸಲಕ್ಕೆ ಒಂದೇ ವಾಕ್ಯ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.